ಡಯಲ್ ಬದಲಿಸಿದ ಮೇಲೆ ಬುಲೆಟ್ ಮೀಟರ್ 15 ಹೆಚ್ಚು ತೋರಿಸುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆಯಲ್ಲಿ ಅಪ್ಪ ಕೊಂಡ 1986ರ ಬುಲೆಟ್ 350 ಇದೆ. ಮೀಟರಿನ ಡಯಲ್ ಬಿಸಿಲಿಗೆ ಹಳದಿಯಾಗಿ, ಎರಡು ಮೂರು ಅಂಕಿಗಳು ಅಳಿಸಿಯೇ ಹೋಗಿದ್ದವು. ಆನ್‌ಲೈನ್‌ನಲ್ಲಿ ಡಯಲ್ ಸ್ಟಿಕರ್ ತರಿಸಿ, ರಿಂಗ್ ಬಿಚ್ಚಿ, ಮುಳ್ಳು ತೆಗೆದು, ಹಳೆಯ ಡಯಲ್ ಮೇಲೆಯೇ ಅಂಟಿಸಿದೆ. ಮುಳ್ಳನ್ನು ಸರಿಯಾಗಿ ಸೊನ್ನೆಯ ಮೇಲಿಟ್ಟೇ ಒತ್ತಿದ್ದೇನೆ. ಗಾಡಿ ನಿಂತಾಗ ಸೊನ್ನೆಯನ್ನೇ ತೋರಿಸುತ್ತದೆ. ಆದರೆ ಓಡಿಸುವಾಗ ಮೊಬೈಲ್ ಜಿಪಿಎಸ್‌ನಲ್ಲಿ 30 ಇದ್ದರೆ ಮೀಟರಿನಲ್ಲಿ 45, ಅಲ್ಲಿ 50 ಇದ್ದರೆ ಇಲ್ಲಿ 65. ಬಿಸಿಲಲ್ಲಿ ನಿಲ್ಲಿಸಿ ಬಂದ ದಿನ ಮುಳ್ಳು 20ರ ಹತ್ತಿರ ಸಿಕ್ಕಿಕೊಳ್ಳುವುದೂ ಉಂಟು. ಮೆಕ್ಯಾನಿಕ್ ಹೊಸ ಮೀಟರ್ ಹಾಕಿಸಿ ಅನ್ನುತ್ತಾರೆ. ಅಪ್ಪ ಓಡಿಸಿದ ಕಿಲೋಮೀಟರ್ ಇರುವ ಮೀಟರನ್ನು ಬಿಡಲು ನನಗೆ ಮನಸ್ಸಿಲ್ಲ. ದಾರಿ ಇದೆಯೇ?
— ಓದುಗರೊಬ್ಬರು, ಸಾಗರ

ಉತ್ತರ: ಹೊಸ ಮೀಟರ್ ಬೇಡ. ನಿಮ್ಮ ಮೀಟರಿನ ಒಳಗಿನ ಯಂತ್ರ ಚೆನ್ನಾಗಿಯೇ ಇದೆ. ಅದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. 30ಕ್ಕೆ 45, 50ಕ್ಕೆ 65. ಎರಡು ಕಡೆಯೂ ವ್ಯತ್ಯಾಸ 15ರಷ್ಟೇ. ವೇಗ ಏರಿದರೂ ವ್ಯತ್ಯಾಸ ಏರದಿದ್ದರೆ ತಪ್ಪು ಮುಳ್ಳು ಕೂತ ಜಾಗದ್ದು. ಅದೇ 30ಕ್ಕೆ 45 ತೋರಿಸಿ 50ಕ್ಕೆ 75 ತೋರಿಸಿದ್ದರೆ, ಅಂದರೆ ಎಲ್ಲ ಕಡೆ ಒಂದೂವರೆ ಪಟ್ಟು ಬಂದಿದ್ದರೆ, ಡಯಲ್ ಆ ಯಂತ್ರದ್ದಲ್ಲ ಅಥವಾ ಚಕ್ರದ ಹತ್ತಿರದ ಗೇರ್ ಬೇರೆಯದು ಎಂದು ನಾನು ಬೇರೆ ದಿಕ್ಕಿನಲ್ಲಿ ಹುಡುಕುತ್ತಿದ್ದೆ. ನೀವು ಎರಡು ವೇಗದಲ್ಲಿ ನೋಡಿ ಬರೆದುಕೊಂಡಿದ್ದು ಬಹಳ ಒಳ್ಳೆಯದಾಯಿತು. ನನ್ನ ಬೆಂಚಿಗೆ ಬರುವ ಹೆಚ್ಚಿನವರು ‘ಮೀಟರ್ ತಪ್ಪು ತೋರಿಸ್ತಿದೆ’ ಎಂದಷ್ಟೇ ಹೇಳುತ್ತಾರೆ. ಆಗ ಮೊದಲ ಅರ್ಧ ದಿನ ಪತ್ತೆ ಮಾಡುವುದರಲ್ಲೇ ಹೋಗುತ್ತದೆ.

ಈ 15 ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಒಳಗೆ ಏನಿದೆ ಎಂದು ಸ್ವಲ್ಪ ನೋಡಬೇಕು. ಮುಂದಿನ ಚಕ್ರದಿಂದ ಬರುವ ಕೇಬಲ್ ಮೀಟರಿನ ತಳದಲ್ಲಿ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ, ಅದಕ್ಕೆ ತಾಗದಂತೆ, ಅಲ್ಯುಮಿನಿಯಂನ ಒಂದು ಪುಟ್ಟ ಬಟ್ಟಲು. ಮುಳ್ಳು ಇರುವುದು ಈ ಬಟ್ಟಲಿನ ಕಡ್ಡಿಯ ತುದಿಯಲ್ಲಿ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ ಬಟ್ಟಲೂ ಅದರ ಹಿಂದೆಯೇ ಎಳೆದುಕೊಂಡು ಹೋಗಲು ನೋಡುತ್ತದೆ. ಕೈಗಡಿಯಾರದಲ್ಲಿ ಇರುವಂಥ ಕೂದಲೆಳೆಯ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಎರಡೂ ಸಮವಾದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ನಿಮ್ಮ ಬುಲೆಟ್‌ನಲ್ಲೂ, ಆ ಕಾಲದ ಹೆಚ್ಚಿನ ಸ್ಕೂಟರ್ ಬೈಕುಗಳಲ್ಲೂ ಇರುವುದು ಇದೇ. ವೇಗ ದುಪ್ಪಟ್ಟಾದರೆ ಮುಳ್ಳು ತಿರುಗುವ ಕೋನವೂ ಹೆಚ್ಚುಕಡಿಮೆ ದುಪ್ಪಟ್ಟು. ಈ ಒಂದು ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಸೊನ್ನೆಯ ವಿಷಯ. ಬಾಗಿಲು ತಾನಾಗಿ ಮುಚ್ಚಲಿ ಎಂದು ಸ್ಪ್ರಿಂಗ್ ಕಟ್ಟಿರುತ್ತೇವಲ್ಲ, ಬಾಗಿಲು ಮುಚ್ಚಿದ ಮೇಲೂ ಆ ಸ್ಪ್ರಿಂಗ್ ಎಳೆಯುತ್ತಲೇ ಇರುತ್ತದೆ. ಚೌಕಟ್ಟು ಇಲ್ಲದಿದ್ದರೆ ಬಾಗಿಲು ಇನ್ನೂ ಆಚೆ ಹೋಗುತ್ತಿತ್ತು. ನಿಮ್ಮ ಮೀಟರಿನ ಮುಳ್ಳೂ ಹಾಗೆಯೇ. ಡಯಲ್ ಮೇಲೆ ಸೊನ್ನೆಯ ಬಳಿ ಗುಂಡುಸೂಜಿಯಷ್ಟು ಸಣ್ಣ ಒಂದು ಪಿನ್ ಇದೆ, ನೋಡಿರುತ್ತೀರಿ. ಮುಳ್ಳು ಸೊನ್ನೆಯಲ್ಲಿ ನಿಂತದ್ದು ಸ್ಪ್ರಿಂಗ್ ಸಡಿಲಾಗಿದೆ ಎಂದಲ್ಲ, ಆ ಪಿನ್ ತಡೆದಿದೆ ಎಂದು. ಪಿನ್ ಇಲ್ಲದಿದ್ದರೆ ಮುಳ್ಳು ಸೊನ್ನೆಯನ್ನು ದಾಟಿ ಇನ್ನೂ ಕೆಳಗೆ ಹೋಗಿ ನಿಲ್ಲುತ್ತಿತ್ತು. ನಿಮ್ಮ ಮೀಟರಿನಲ್ಲಿ ಆ ಜಾಗ ಸೊನ್ನೆಗಿಂತ 15 ಕಿಲೋಮೀಟರಿನಷ್ಟು ಕೆಳಗಿದೆ. ನೀವು ಮುಳ್ಳು ಕಿತ್ತ ಕ್ಷಣ ಕಡ್ಡಿ ತಿರುಗಿ ತನ್ನ ವಿಶ್ರಾಂತಿಯ ಜಾಗಕ್ಕೆ ಹೋಯಿತು. ಅಲ್ಲಿ ನೀವು ಮುಳ್ಳನ್ನು ಸೊನ್ನೆಗೆ ಕೂರಿಸಿದಿರಿ. ಸ್ಪ್ರಿಂಗಿನ ಆ ಬಿಗಿ ಲೆಕ್ಕದಿಂದ ಹೊರಗೆ ಹೋಯಿತು. ಅದೇ 15 ಈಗ ಎಲ್ಲ ವೇಗದಲ್ಲೂ ಸೇರಿಕೊಂಡು ತೋರಿಸುತ್ತಿದೆ.

ಮುಳ್ಳು ಕೀಳುವ ಮೊದಲು ಮಾಡಬೇಕಾದ ಕೆಲಸ ಒಂದಿತ್ತು. ಮುಳ್ಳಿನ ತುದಿಯನ್ನು ಸ್ವಲ್ಪವೇ ಮೇಲೆತ್ತಿ ಪಿನ್ ದಾಟಿಸಿ ಕೆಳಕ್ಕೆ ಬಿಡಬೇಕು. ಅದು ತೂಗಾಡಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಮೊಬೈಲಿನಲ್ಲಿ ನೇರವಾಗಿ ಮೇಲಿನಿಂದ ಒಂದು ಫೋಟೊ ತೆಗೆದುಕೊಳ್ಳಬೇಕು. ಡಯಲ್ ಬದಲಿಸುವ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಮುಂದೆ ಇದನ್ನು ಓದುವವರೂ ಇದೊಂದನ್ನು ಮರೆಯಬಾರದು ಎಂದು ನನ್ನ ಕೋರಿಕೆ.

ನಿಮ್ಮ ಗುರುತು ಕಳೆದುಹೋಗಿದೆ, ಆದರೆ ನೀವು ಅಳೆದಿದ್ದರಿಂದ ಅದನ್ನು ಮರಳಿ ಪಡೆಯಬಹುದು. ಡಯಲ್ ಮೇಲೆ 40ರಿಂದ 55ರವರೆಗಿನ ಕೋನ ಎಷ್ಟಿದೆಯೋ ಅಷ್ಟೇ ಕೋನವನ್ನು ಟ್ರೇಸಿಂಗ್ ಪೇಪರಿನಲ್ಲಿ ಎತ್ತಿಕೊಂಡು, ಸೊನ್ನೆಯಿಂದ ಕೆಳಕ್ಕೆ ಇಟ್ಟು ಗುರುತು ಹಾಕಿ. ಮುಳ್ಳು ತೆಗೆದು, ಕಡ್ಡಿ ಅಲುಗಾಡದೆ ನಿಂತ ಮೇಲೆ, ಮುಳ್ಳು ಆ ಗುರುತನ್ನು ನೋಡುವಂತೆ ಮೆಲ್ಲಗೆ ಇಡಿ. ಪೂರ್ತಿ ಒತ್ತಬೇಡಿ, ಕಡ್ಡಿಯನ್ನು ಹಿಡಿದುಕೊಳ್ಳುವಷ್ಟು ಮಾತ್ರ. ಇನ್ನೂ ಎತ್ತರದಲ್ಲಿ ಇರುವಾಗಲೇ ಬೆರಳಿನಿಂದ ಮೇಲಕ್ಕೆ ತಿರುಗಿಸಿ ಪಿನ್ ದಾಟಿಸಿ. ಸ್ಪ್ರಿಂಗ್ ಹಿಂದಕ್ಕೆ ಎಳೆಯುವುದು ಬೆರಳಿಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಮುಳ್ಳು ಕಡ್ಡಿಯ ಮೇಲೆ ಜಾರುತ್ತಿದೆ ಎಂದರ್ಥ, ಮೊದಲಿನಿಂದ ಮಾಡಿ. ಪಿನ್ ದಾಟಿದ ಮೇಲೆ ಬೆರಳಿನಿಂದಲೇ ಒತ್ತಿ ಕೂರಿಸಿ. ಮುಳ್ಳಿಗೂ ಡಯಲಿಗೂ ನಡುವೆ ಎರಡು ಪೋಸ್ಟ್‌ಕಾರ್ಡಿನಷ್ಟು ಸಂದು ಉಳಿಯಲಿ.

ಮುಳ್ಳು ತೆಗೆಯುವ ಬಗ್ಗೆ ಒಂದು ಮಾತು. ನೀವು ಒಮ್ಮೆ ತೆಗೆದಿದ್ದೀರಿ, ಅದೃಷ್ಟವಶಾತ್ ಏನೂ ಆಗಿಲ್ಲ. ಎರಡನೇ ಸಲ ಎರಡು ಟೀ ಚಮಚ ತೆಗೆದುಕೊಳ್ಳಿ. ಡಯಲ್ ಮೇಲೆ ದಪ್ಪ ಕಾಗದ ಹಾಸಿ, ಚಮಚಗಳ ತುದಿಯನ್ನು ಮುಳ್ಳಿನ ಗುಬಟೆಯ ಕೆಳಗೆ ಎದುರು ಬದುರಾಗಿ ತೂರಿಸಿ, ಎರಡನ್ನೂ ಒಂದೇ ಸಮ ಅದುಮಿ. ಮುಳ್ಳು ನೇರ ಮೇಲಕ್ಕೇ ಬರಬೇಕು. ಕೆಲಸ ಕಲಿತ ಹೊಸದರಲ್ಲಿ ನಾನು ಒಬ್ಬರ ಮೀಟರಿನ ಮುಳ್ಳನ್ನು ನೋಸ್ ಪ್ಲೈಯರಿನಲ್ಲಿ ಹಿಡಿದು ಓರೆಯಾಗಿ ಎಳೆದೆ. ಮುಳ್ಳಿನ ಜೊತೆ ಕಡ್ಡಿಯ ತುದಿಯೂ ಮುರಿದು ಬಂತು. ಆ ಕಡ್ಡಿ ಒಂದು ಮಿಲಿಮೀಟರಿನಷ್ಟು ದಪ್ಪ, ಅದಕ್ಕೆ ಬೆಸುಗೆ ಇಲ್ಲ, ಬಿಡಿ ಭಾಗ ಸಿಗುವುದಿಲ್ಲ. ಅವರು ಮೂವತ್ತು ವರ್ಷ ಇಟ್ಟುಕೊಂಡಿದ್ದ ಮೀಟರ್. ಗುಜರಿಯಲ್ಲಿ ಇನ್ನೊಂದು ಹುಡುಕಿ ಒಳಭಾಗ ಬದಲಿಸಿಕೊಡಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಆವತ್ತಿನಿಂದ ನನ್ನ ಪೆಟ್ಟಿಗೆಯಲ್ಲಿ ಎರಡು ಚಮಚ ಬೇರೆಯಾಗಿಯೇ ಇರುತ್ತವೆ.

ಇನ್ನು ಬಿಸಿಲಿಗೆ ಸಿಕ್ಕಿಕೊಳ್ಳುವ ತೊಂದರೆ. ಅದು ಸ್ಟಿಕರಿನದು. ಹಳೆಯ ಡಯಲ್ ಮೇಲೆ ಇನ್ನೊಂದು ಪದರ ಅಂಟಿಸಿದಾಗ ಮುಳ್ಳಿನ ಕೆಳಗಿನ ಸಂದು ಕಡಿಮೆಯಾಯಿತು. ಗಾಜಿನೊಳಗೆ ಬಿಸಿ ಕಟ್ಟಿದಾಗ ಅಂಟು ಮೆತ್ತಗಾಗಿ, ಮಧ್ಯದ ತೂತಿನ ಸುತ್ತಲಿನ ಅಂಚು ಏಳುತ್ತದೆ. ಹೊಟ್ಟೆ ಉಬ್ಬಿದ ಆ ಜಾಗಕ್ಕೆ ಮುಳ್ಳು ತಾಗುತ್ತದೆ. ಬಟ್ಟಲನ್ನು ಎಳೆಯುವ ಬಲ ಬಹಳ ಸಣ್ಣದು, ಒಂದು ಕೂದಲು ಅಡ್ಡ ಬಂದರೂ ಮುಳ್ಳು ನಿಲ್ಲುತ್ತದೆ. ಆದ್ದರಿಂದ ಹಳೆಯ ಡಯಲ್ ಮೇಲೆ ಸ್ಟಿಕರ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹಾಕಲೇಬೇಕೆಂದರೆ ಬೇರೆ ಲೋಹದ ತಟ್ಟೆಯ ಮೇಲೆ ಹಾಕಿ, ಹಳೆಯ ಡಯಲನ್ನು ಹಾಗೆಯೇ ಎತ್ತಿಡಿ. ಅರ್ಧ ಮಿಲಿಮೀಟರ್ ಅಲ್ಯುಮಿನಿಯಂ ಹಾಳೆಯನ್ನು ಹಳೆಯ ಡಯಲಿನ ಅಳತೆಗೆ ಕತ್ತರಿಸಿ, ಸ್ಕ್ರೂ ತೂತು, ಪಿನ್, ಕಿಲೋಮೀಟರ್ ಅಂಕಿಗಳ ಕಿಟಕಿ ಎಲ್ಲವನ್ನೂ ಮಾಡಿಕೊಡುವವರು ದೊಡ್ಡ ಊರುಗಳಲ್ಲಿ ಇದ್ದಾರೆ. ನಂಬರ್ ಪ್ಲೇಟ್, ನೇಮ್ ಪ್ಲೇಟ್ ಕೆತ್ತುವವರನ್ನು ಕೇಳಿ. ಬೆಂಗಳೂರಿಗೆ ಬಂದಾಗ ಜೆ.ಸಿ. ರಸ್ತೆಯ ಹಳೆಯ ಸ್ಪೇರ್ಸ್ ಅಂಗಡಿಗಳಲ್ಲೂ ಒಮ್ಮೆ ವಿಚಾರಿಸಿ. ಲೋಹದ ತಯಾರಿ ಡಯಲ್ ಸಿಕ್ಕರೆ ಅದೇ ಒಳ್ಳೆಯದು.

ಸಿಕ್ಕಿದ ಕೂಡಲೇ ಕೊಳ್ಳಬೇಡಿ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಅಂಗಡಿಯವರ ತಪ್ಪಲ್ಲ, ಡಯಲ್ ಎಂದರೆ ಬರೀ ಚಿತ್ರ ಎಂದು ಎಲ್ಲರೂ ತಿಳಿದಿದ್ದಾರೆ. ಡಯಲ್ ಎಂದರೆ ಅಳತೆಪಟ್ಟಿ. ಒಂದು ಯಂತ್ರಕ್ಕೆ ಬರೆದ ಅಳತೆ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ. ಒಂದು ಲೆಕ್ಕ ಹಾಕಿ ನೋಡಿ. ನಿಮ್ಮ ಯಂತ್ರ 160ಕ್ಕೆ 240 ಡಿಗ್ರಿ ತಿರುಗುವಂಥದ್ದು ಎಂದುಕೊಳ್ಳೋಣ, ಅಂದರೆ ಕಿಲೋಮೀಟರಿಗೆ ಒಂದೂವರೆ ಡಿಗ್ರಿ. ನೋಡಲು ಚೆಂದ ಎಂದು ಅದೇ 240 ಡಿಗ್ರಿಯಲ್ಲಿ 120ರವರೆಗೆ ಬರೆದ ಡಯಲ್ ಹಾಕಿದಿರಿ. ಗಾಡಿ 60ರಲ್ಲಿ ಓಡುವಾಗ ಮುಳ್ಳು 90 ಡಿಗ್ರಿ ತಿರುಗುತ್ತದೆ, ಹೊಸ ಡಯಲಿನಲ್ಲಿ ಅಲ್ಲಿ 45 ಎಂದು ಬರೆದಿರುತ್ತದೆ. ನೀವು 45ರಲ್ಲಿ ತಿರುವು ತೆಗೆದುಕೊಳ್ಳುತ್ತಿದ್ದೇನೆ ಎಂದುಕೊಂಡು 60ರಲ್ಲಿ ತೆಗೆದುಕೊಳ್ಳುತ್ತೀರಿ. ಡ್ರಮ್ ಬ್ರೇಕಿನ ಬುಲೆಟ್‌ಗೆ, ಅದೂ ನಿಮ್ಮ ಕಡೆಯ ಘಾಟಿ ರಸ್ತೆಯಲ್ಲಿ, ಆ 15 ಬಹಳ ದೊಡ್ಡದು. ಹಳೆಯ ಇಂಗ್ಲಿಷ್ ಗಾಡಿಯ ಹಾಗೆ ಕಾಣಲಿ ಎಂದು ಮೈಲಿಯ ಡಯಲ್ ಹಾಕುವವರೂ ಇದ್ದಾರೆ. ಮೈಲಿಗೆ 1.609 ಕಿಲೋಮೀಟರ್. ಡಯಲ್ ಮೈಲಿಯದಾದರೂ ಕೆಳಗಿನ ಕಿಲೋಮೀಟರ್ ಗಾಲಿಗಳು ಕಿಲೋಮೀಟರನ್ನೇ ಎಣಿಸುತ್ತಿರುತ್ತವೆ, ನೋಡಿದವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಹೋಲಿಸಿ ನೋಡುವುದು ಸುಲಭ. ಹಳೆಯ ಡಯಲ್ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಮಧ್ಯದ ತೂತು, ಸೊನ್ನೆ, 20, 40, 60, 80 ಎಲ್ಲ ಗೆರೆಗಳನ್ನು ಎಳೆದುಕೊಳ್ಳಿ. ಅದನ್ನು ಹೊಸದರ ಮೇಲೆ ಇಟ್ಟಾಗ ಗೆರೆಗಳು ಗೆರೆಗಳ ಮೇಲೆ ಕೂರಬೇಕು. ಒಂದು ಗೆರೆ ತಪ್ಪಿದರೂ ಆ ಡಯಲ್ ಬೇಡ. ನಿಮ್ಮ ಸ್ಟಿಕರನ್ನು ಹಳೆಯದರ ಮೇಲೆ ಅಂಟಿಸಿಬಿಟ್ಟಿದ್ದೀರಿ, ಈಗ ಹೋಲಿಸಲು ಆಗದು. ಆದರೆ ಎರಡು ವೇಗದಲ್ಲೂ ವ್ಯತ್ಯಾಸ ಒಂದೇ ಬಂದಿದ್ದರಿಂದ ಅದರ ಗೆರೆಗಳು ಸರಿ ಎಂದು ಧೈರ್ಯವಾಗಿ ಹೇಳಬಹುದು. ಸ್ಟಿಕರಿನಿಂದಲೇ ಟ್ರೇಸ್ ತೆಗೆದು ಹೊಸ ತಟ್ಟೆಗೆ ಬಳಸಿಕೊಳ್ಳಿ. ಆಮೇಲೆ ಸ್ಟಿಕರನ್ನು ಕಿತ್ತು ನೋಡುವ ಆಸೆ ಬೇಡ. ಅಂಟಿನ ಜೊತೆ ಕೆಳಗಿನ ಅಕ್ಷರಗಳೂ ಎದ್ದು ಬರುತ್ತವೆ.

ಸ್ಟಿಕರ್ ತರಿಸುವ ಮೊದಲು ಕೇಳಿದ್ದರೆ ಹಳೆಯದನ್ನೇ ಇಟ್ಟುಕೊಳ್ಳಿ ಎನ್ನುತ್ತಿದ್ದೆ. ಬಣ್ಣ ಹಳದಿಯಾದದ್ದು ರೋಗವಲ್ಲ. ಅಳಿಸಿದ ಒಂದೆರಡು ಅಂಕಿಗಳನ್ನು ಸಣ್ಣ ಬ್ರಶ್ಶಿನಲ್ಲಿ ತಿದ್ದಿ ಬರೆಯುವ ಕಲಾವಿದರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಅಂಗಡಿ ಬೋರ್ಡ್ ಬರೆಯುತ್ತಿದ್ದವರು. ಅವರ ಕೈಗೆ ಕೊಟ್ಟ ಡಯಲುಗಳನ್ನು ನೋಡಿದ್ದೇನೆ, ಎಲ್ಲಿ ತಿದ್ದಿದ್ದಾರೆ ಎಂದು ಹುಡುಕಿದರೂ ಸಿಗುವುದಿಲ್ಲ. ಧೂಳು ಒರೆಸಲು ಒಣಗಿದ ಮೆತ್ತನೆಯ ಬ್ರಶ್ ಸಾಕು. ಪೆಟ್ರೋಲ್, ಥಿನ್ನರ್, ಸ್ಪಿರಿಟ್ ಮುಟ್ಟಿಸಬೇಡಿ. ಒಂದು ಸಲ ಹತ್ತಿ ಆಡಿಸುವಷ್ಟರಲ್ಲಿ ಅಂಕಿಗಳು ಹತ್ತಿಗೆ ಬಂದಿರುತ್ತವೆ.

ಗಾಡಿಯಿಂದ ಮೀಟರ್ ತೆಗೆಯುವಾಗ ಬ್ಯಾಟರಿಯ ವೈರನ್ನು ಮೊದಲು ಬಿಡಿಸಿ. ಬುಲೆಟ್‌ನಲ್ಲಿ ಸ್ಪೀಡೋಮೀಟರಿನ ಪಕ್ಕದಲ್ಲೇ ಆ್ಯಂಪಿಯರ್ ಮೀಟರ್ ಇದೆ, ಬ್ಯಾಟರಿಯ ಕರೆಂಟು ಅದರ ಮೂಲಕವೇ ಹಾದುಹೋಗುತ್ತದೆ. ಬೀಗದ ಕೈ ತೆಗೆದಿಟ್ಟರೂ ಅದರ ತುದಿಯಲ್ಲಿ ಕರೆಂಟು ಇರುತ್ತದೆ. ಹೆಡ್‌ಲೈಟ್ ಡೂಮ್ ತೆಗೆದು ಒಳಗೆ ಸ್ಪಾನರ್ ಹಾಕಿದಾಗ ಅದು ಆ ತುದಿಗೂ ಬಾಡಿಗೂ ಒಟ್ಟಿಗೆ ತಾಗಿದರೆ ವೈರಿಂಗೇ ಸುಟ್ಟುಹೋದೀತು.

ರಿಂಗ್ ಮಡಚಿ ಮುಚ್ಚಿದ್ದಾದರೆ, ಅಂಚನ್ನು ಒಂದೇ ಕಡೆ ಪೂರ್ತಿ ಎತ್ತಬೇಡಿ. ಸಣ್ಣ ಸ್ಕ್ರೂಡ್ರೈವರಿನಲ್ಲಿ ಸುತ್ತಲೂ ಸ್ವಲ್ಪ ಸ್ವಲ್ಪ ಎತ್ತುತ್ತಾ ಮೂರು ಸುತ್ತು ಬನ್ನಿ. ಮುಚ್ಚುವಾಗ ಮರದ ತುಂಡಿನಿಂದ ಅದೇ ಕ್ರಮದಲ್ಲಿ ಒತ್ತಿ. ಒಂದು ಸಲ ಮಡಚಿ ಬಿಡಿಸಿದ ರಿಂಗ್ ಇನ್ನೆರಡು ಸಲ ತಾಳೀತು, ಆಮೇಲೆ ಸೀಳುತ್ತದೆ. ಗಾಜಿನ ಕೆಳಗಿನ ರಬ್ಬರ್ ಗಟ್ಟಿಯಾಗಿದ್ದರೆ ಈಗಲೇ ಬದಲಿಸಿ. ಸಾಗರದ ಮಳೆಗೆ ಅದು ಮುಖ್ಯ. ಎಲ್ಲಿಯೂ ಸೂಪರ್ ಗ್ಲೂ ಬಳಸಬೇಡಿ. ಮುಚ್ಚಿದ ಮೀಟರಿನೊಳಗೆ ಅದರ ಆವಿ ಕೂತು ಗಾಜಿನ ಒಳಮೈ, ಡಯಲ್, ಮುಳ್ಳು ಎಲ್ಲದರ ಮೇಲೆ ಬಿಳಿ ಬೂದಿ ಹರಡಿದ ಹಾಗೆ ಪೊರೆ ಕಟ್ಟುತ್ತದೆ, ಒರೆಸಿದರೆ ಹೋಗುವುದಿಲ್ಲ.

ಕೇಬಲಿಗೆ ಗ್ರೀಸ್ ಹಾಕುವವರಿದ್ದರೆ ಮೇಲಿನ ಒಂದು ಗೇಣು ಬಿಟ್ಟು ಹಾಕಿ. ತಿರುಗುವ ಕೇಬಲ್ ಗ್ರೀಸನ್ನು ಮೇಲಕ್ಕೆ ಏರಿಸಿ ಮೀಟರಿನೊಳಗೆ ತಳ್ಳುತ್ತದೆ. ಅದು ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ಸೇರಿದರೆ ಎರಡೂ ಅಂಟಿಕೊಂಡಂತಾಗಿ ಮುಳ್ಳು ಒಮ್ಮೆಲೇ ಕೊನೆಯ ಅಂಕಿಗೆ ಹಾರುತ್ತದೆ.

ಇಲ್ಲಿ ಇನ್ನೊಂದು ವಿಷಯ ಹೇಳದೆ ಇರಲಾರೆ, ನಿಮ್ಮ ಗಾಡಿಗೆ ಅನ್ವಯಿಸದಿದ್ದರೂ. ರಾತ್ರಿ ಹೊಳೆಯುವ ಯಾವ ಸ್ಟಿಕರಿಗೂ ನಾವು ‘ರೇಡಿಯಂ’ ಎನ್ನುತ್ತೇವೆ. ಇವತ್ತಿನ ಅಂಗಡಿ ರೇಡಿಯಂನಲ್ಲಿ ರೇಡಿಯಂ ಇಲ್ಲ, ಅದರಿಂದ ಭಯವಿಲ್ಲ. ಆದರೆ ಎರಡನೇ ಮಹಾಯುದ್ಧದ ಕಾಲದ ಮತ್ತು ಅದಕ್ಕೂ ಹಳೆಯ ಮೀಟರುಗಳಲ್ಲಿ, ಮಿಲಿಟರಿ ಗಾಡಿಗಳದರಲ್ಲಿ ಮುಖ್ಯವಾಗಿ, ಅಂಕಿ ಮತ್ತು ಮುಳ್ಳಿಗೆ ನಿಜವಾದ ರೇಡಿಯಂ ಬಣ್ಣ ಬಳಿದದ್ದುಂಟು. ಈಗ ಹೊಳೆಯುವುದಿಲ್ಲ, ಕಂದು ಬಣ್ಣಕ್ಕೆ ತಿರುಗಿ ಪುಡಿ ಉದುರುತ್ತಿರುತ್ತದೆ. ಹೊಳಪು ಹೋದದ್ದು ಜೊತೆಯ ರಾಸಾಯನಿಕ ಸವೆದದ್ದರಿಂದ. ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಅಜ್ಜನ ಕಾಲದ ಗಾಡಿ ಇರುವವರು ಅಂಥ ಡಯಲನ್ನು ಕೆರೆಯಬೇಡಿ, ಊದಬೇಡಿ, ಮನೆಯಲ್ಲಿ ಬಿಚ್ಚಲೇಬೇಡಿ.

ಅಪ್ಪ ಓಡಿಸಿದ ಕಿಲೋಮೀಟರ್ ಎಲ್ಲಿಗೂ ಹೋಗುವುದಿಲ್ಲ. ಅಂಕಿಗಳ ಗಾಲಿಗಳು ಡಯಲಿನ ಹಿಂದೆ ಯಂತ್ರದ ಮೇಲೆ ಇರುತ್ತವೆ. ಮೇಲಿನ ತಟ್ಟೆ ಬದಲಿಸಿದರೆ ಅವು ಅಲುಗುವುದಿಲ್ಲ, ನೀವು ಕೈ ಹಚ್ಚದಿದ್ದರೆ ಸಾಕು. ಹಾಗಿದ್ದೂ ಬಿಚ್ಚುವ ಮೊದಲು ಅಂಕಿಯ ಫೋಟೊ ತೆಗೆದು, ಆರ್‌ಸಿ ಇಟ್ಟ ಕವರಿನಲ್ಲಿ ದಿನಾಂಕ ಸಮೇತ ಬರೆದಿಡಿ. ಎಂದಾದರೂ ಮೀಟರೇ ಕೆಟ್ಟು ಬದಲಿಸಬೇಕಾಗಿ ಬಂದರೂ ಆ ಕಾಗದ ಉಳಿಯುತ್ತದೆ. ಗಾಡಿ ಮಾರುವ ಮುನ್ನ ‘ಸ್ವಲ್ಪ ಕಿಲೋಮೀಟರ್ ಕಮ್ಮಿ ಮಾಡಿಕೊಡಿ’ ಎಂದು ಕೇಳಿ ಬರುವವರಿದ್ದಾರೆ. ನಾನು ಮಾಡುವುದಿಲ್ಲ. ಕೊಳ್ಳುವವನಿಗೆ ಅದು ಸುಳ್ಳು ಹೇಳಿದಂತೆ, ಕಾನೂನಿನಲ್ಲೂ ವಂಚನೆ.

ಎಲ್ಲ ಜೋಡಿಸಿದ ಮೇಲೆ, ರಿಂಗ್ ಮಡಚುವ ಮೊದಲು, ಗಾಜನ್ನು ಟೇಪಿನಲ್ಲಿ ಹಿಡಿಸಿ ಒಂದು ಸುತ್ತು ಓಡಿಸಿ. ಮುಂದಿನ ಟೈರ್ 3.25–19 ಇದ್ದು ಗಾಳಿ ಸರಿಯಾಗಿದೆಯೇ ನೋಡಿಕೊಳ್ಳಿ, ಚಕ್ರದ ಸುತ್ತಳತೆ ಬದಲಾದರೆ ಅಳತೆಯೂ ಬದಲಾಗುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಜಿಪಿಎಸ್ ಅವರ ಕೈಗೆ ಕೊಡಿ, ನಿಮ್ಮ ಕಣ್ಣು ರಸ್ತೆಯ ಮೇಲಿರಲಿ. ಸಿಗ್ನಲ್ ಸಿಗದ ಕಡೆ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳೇ ಸಾಕು: ಮುಳ್ಳು 60ರಲ್ಲಿ ಅಲುಗದೆ ಇದ್ದಾಗ ಒಂದು ಕಲ್ಲಿನಿಂದ ಇನ್ನೊಂದಕ್ಕೆ 60 ಸೆಕೆಂಡು, 40ರಲ್ಲಿ 90 ಸೆಕೆಂಡು. ಎರಡು ವೇಗದಲ್ಲೂ ನೋಡಿ. ನಿಜವಾದ 60ಕ್ಕೆ ಮೀಟರ್ 62, 63 ತೋರಿಸಿದರೆ ಹಾಗೆಯೇ ಬಿಡಿ, ಕಂಪನಿಯವರೂ ಸ್ವಲ್ಪ ಹೆಚ್ಚು ತೋರಿಸುವಂತೆಯೇ ಇಟ್ಟಿರುತ್ತಾರೆ. 60ಕ್ಕೆ 57 ತೋರಿಸಿದರೆ ಬಿಡಬೇಡಿ, ಗಾಜು ತೆಗೆದು ಮುಳ್ಳನ್ನು ಒಂದು ಕೂದಲಿನಷ್ಟು ಮೇಲಕ್ಕೆ ಕೂರಿಸಿ ಮತ್ತೆ ನೋಡಿ. ಸರಿ ಬಂದ ಮೇಲೆ ರಿಂಗ್ ಮಡಚಿ.